ಸಂಭವನೀಯತೆಯ ಪಾಠ ಮಸೂತಿಯ ಮನೆಗಳಿಂದ ಶುರುವಾಗಲಿ

ಎನ್‌ಸಿಇಆರ್‌ಟಿ 2006ರಲ್ಲಿ ಅಚ್ಚು ಹಾಕಿದ ಒಂಬತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ಹಲವು ವರ್ಷ ಉಳಿದುಕೊಂಡಿದ್ದ ಒಂದು ಲೆಕ್ಕವಿದೆ. ಇಬ್ಬರು ಮಕ್ಕಳಿರುವ 1500 ಕುಟುಂಬಗಳನ್ನು ಯಾದೃಚ್ಛಿಕವಾಗಿ ಆರಿಸಿದರು. 475 ಕುಟುಂಬಗಳಲ್ಲಿ ಇಬ್ಬರೂ ಹೆಣ್ಣುಮಕ್ಕಳು, 814ರಲ್ಲಿ ಒಬ್ಬಳು ಹೆಣ್ಣುಮಗಳು, 211ರಲ್ಲಿ ಹೆಣ್ಣುಮಕ್ಕಳೇ ಇಲ್ಲ. ಒಂದು ಕುಟುಂಬವನ್ನು ಆರಿಸಿದರೆ ಅದರಲ್ಲಿ ಇಬ್ಬರು ಹೆಣ್ಣುಮಕ್ಕಳಿರುವ ಸಂಭವನೀಯತೆ ಎಷ್ಟು? 475ನ್ನು 1500ರಿಂದ ಭಾಗಿಸಿದರೆ 19/60 ಬರುತ್ತದೆ; ಅಂಕವೂ ಬರುತ್ತದೆ. ಆದರೆ ಇದೇ ಕೋಷ್ಟಕದ ಮಕ್ಕಳನ್ನೆಲ್ಲ ಒಮ್ಮೆ ಕೂಡಿಸಿ ನೋಡಿ. 3000 ಮಕ್ಕಳಲ್ಲಿ ಹೆಣ್ಣು 1764, ಗಂಡು 1236. ಅಂದರೆ ಸಾವಿರ ಗಂಡುಮಕ್ಕಳಿಗೆ 1427 ಹೆಣ್ಣುಮಕ್ಕಳು. 2011ರ ಜನಗಣತಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳನ್ನು ಎಣಿಸಿತ್ತು. ಆ ಪ್ರಮಾಣವನ್ನೇ ಹಿಡಿದರೆ 475 ಇರುವಲ್ಲಿ ಸುಮಾರು 355, 211 ಇರುವಲ್ಲಿ ಸುಮಾರು 395 ಇರಬೇಕಿತ್ತು. ಗಂಡುಮಗು ಬೇಕೆಂದು ಇಬ್ಬರು ಹೆಣ್ಣುಮಕ್ಕಳ ನಂತರ ಮೂರನೆಯದಕ್ಕೆ ಹೋಗುವ ಕುಟುಂಬಗಳು ‘ಇಬ್ಬರೇ ಮಕ್ಕಳು’ ಎಂಬ ಪಟ್ಟಿಯಿಂದ ಹೊರಬೀಳುವುದರಿಂದ ನಿಜವಾದ ಸಂಖ್ಯೆ 355ಕ್ಕಿಂತಲೂ ಕೆಳಗಿರುವ ಸಾಧ್ಯತೆಯೇ ಹೆಚ್ಚು. ಪುಸ್ತಕದ ಈ ಕುಟುಂಬಗಳು ನಮ್ಮ ನಾಡಿನ ಯಾವ ಊರಲ್ಲೂ ಸಿಗುವಂಥವಲ್ಲ.

ಅದೇ ಅಧ್ಯಾಯದ ಇನ್ನೊಂದು ಲೆಕ್ಕ 2400 ಕುಟುಂಬಗಳ ತಿಂಗಳ ಆದಾಯ ಮತ್ತು ವಾಹನಗಳ ಕೋಷ್ಟಕ ಕೊಡುತ್ತದೆ. ಅದರಲ್ಲಿ ವಾಹನವೇ ಇಲ್ಲದ ಕುಟುಂಬಗಳು ಒಟ್ಟು 14. ನೂರಕ್ಕೆ ಒಂದು ಮನೆಯೂ ಇಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಮನೆಗಳಲ್ಲಿ ಸೈಕಲ್ ಇದ್ದವು ಶೇ 44.8, ಸ್ಕೂಟರ್ ಅಥವಾ ಬೈಕ್ ಇದ್ದವು ಶೇ 21, ಕಾರು–ಜೀಪು ಇದ್ದವು ಶೇ 4.7. ಸೈಕಲ್ಲನ್ನೂ ವಾಹನವೆಂದು ಎಣಿಸಿ, ಒಂದೇ ಮನೆಯಲ್ಲಿ ಎರಡು ಬಗೆಯ ವಾಹನ ಇರುವುದೇ ಇಲ್ಲವೆಂದು ಭಾವಿಸಿ ಮೂರನ್ನೂ ಕೂಡಿಸಿದರೂ ಮೊತ್ತ ಶೇ 70.5 ದಾಟುವುದಿಲ್ಲ. ಅಂದರೆ ನೂರರಲ್ಲಿ ಕನಿಷ್ಠ 29 ಮನೆಗಳಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಈಗ ವಾಹನಗಳು ಹೆಚ್ಚಿವೆ, ನಿಜ. ಆದರೆ ಆ ಪುಸ್ತಕ ಹೊರಬಂದ ಕಾಲಕ್ಕೆ ಆ ಕೋಷ್ಟಕ ಯಾವ ಲೆಕ್ಕದಲ್ಲೂ ಸರಿಹೊಂದುತ್ತಿರಲಿಲ್ಲ. ಪುಸ್ತಕ ಬರೆದವರನ್ನು ತಪ್ಪಿತಸ್ಥರ ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಭಾಗಾಕಾರ ಕಲಿಸಲು ಅವರಿಗೆ ಒಂದಷ್ಟು ಅಂಕಿ ಬೇಕಿತ್ತು, ಬಳಸಿದರು. ಆದರೆ ಸಂಭವನೀಯತೆ ಕಲಿಯುವ ಮಗು ಮೊದಲು ಕೇಳಬೇಕಾದ ಪ್ರಶ್ನೆಯೇ ‘ಈ ಅಂಕಿ ಎಲ್ಲಿಂದ ಬಂತು, ಇದನ್ನು ನಂಬಬಹುದೆ’ ಎಂಬುದು. ಆ ಪ್ರಶ್ನೆಗೆ ಉತ್ತರವೇ ಇಲ್ಲದ ಅಂಕಿಗಳನ್ನು ಕೊಟ್ಟು, ಪ್ರಶ್ನೆ ಕೇಳದೇ ಭಾಗಿಸುವುದನ್ನು ಕಲಿಸಿದರೆ ಪಾಠದ ತಿರುಳೇ ಕೈಬಿಟ್ಟುಹೋಗುತ್ತದೆ. ಆದ್ದರಿಂದ ನನ್ನ ವಾದ ಇಷ್ಟು: ವಿಜಯಪುರ ಜಿಲ್ಲೆಯ ಮಸೂತಿಯಂಥ ಊರಿನ ಪ್ರೌಢಶಾಲೆಯಲ್ಲಿ ಸಂಭವನೀಯತೆಯ ಅಧ್ಯಾಯ ಮಕ್ಕಳು ತಮ್ಮ ಮನೆಗಳಿಂದಲೇ ತಂದ ಅಂಕಿಗಳಿಂದ ಶುರುವಾಗಬೇಕು. ನಾಣ್ಯ, ದಾಳ, ಇಸ್ಪೀಟು ಎಲೆ ಅದರ ನಂತರ ಬರಲಿ.

ಇದಕ್ಕೆ ಕಾರಣ ಸಂಭವನೀಯತೆಯ ಸ್ವಭಾವದಲ್ಲೇ ಇದೆ. ಒಂದು ಘಟನೆ ಎಷ್ಟರ ಮಟ್ಟಿಗೆ ನಡೆಯಬಹುದು ಎಂಬುದನ್ನು ತಿಳಿಯಲು ಎರಡು ದಾರಿಗಳಿವೆ. ಮೊದಲನೆಯದು, ಎಲ್ಲ ಫಲಿತಾಂಶಗಳೂ ಸಮಾನವೆಂದು ಒಪ್ಪಿಕೊಂಡು ಅವನ್ನು ಎಣಿಸುವುದು. ಹತ್ತನೆಯ ತರಗತಿಯ ಪುಸ್ತಕ ಇದನ್ನು ಲಾಪ್ಲಾಸ್ 1795ರಲ್ಲಿ ಕೊಟ್ಟ ವ್ಯಾಖ್ಯಾನವೆಂದು ಹೇಳುತ್ತದೆ. ಹೀಗೆ ಎಣಿಸುವ ಕಲೆ ಈ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದ. ಎರಡನೆಯ ದಾರಿ, ನಡೆದದ್ದನ್ನು ಬರೆದಿಟ್ಟುಕೊಂಡು ಅದರಿಂದ ಅಂದಾಜು ಮಾಡುವುದು. ಬ್ಯೂಫಾನ್ ನಾಣ್ಯವನ್ನು 4040 ಸಲ ಚಿಮ್ಮಿದಾಗ 2048 ಸಲ ಶಿರ ಬಿತ್ತು. ಕೆರಿಚ್ 10,000 ಸಲ ಚಿಮ್ಮಿದಾಗ 5067 ಸಲ. ಕಾರ್ಲ್ ಪಿಯರ್ಸನ್ 24,000 ಸಲ ಚಿಮ್ಮಿದಾಗ 12,012 ಸಲ. ಎಣಿಕೆ ಬೆಳೆದಂತೆ ಅನುಪಾತ ಅರ್ಧದತ್ತ ಸರಿಯಿತು. ಒಂಬತ್ತನೆಯ ತರಗತಿಯ ಅಧ್ಯಾಯ ಈ ಎರಡನೆಯ ದಾರಿಗೇ ಮೀಸಲಾಗಿತ್ತು. 2022ರಲ್ಲಿ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಆ ಅಧ್ಯಾಯವನ್ನು ಇಡಿಯಾಗಿ ಕೈಬಿಟ್ಟಿತು. ಹತ್ತನೆಯ ತರಗತಿಯ ನಾಣ್ಯ–ದಾಳದ ಅಧ್ಯಾಯವನ್ನು ಉಳಿಸಿಕೊಂಡಿತು. ನನ್ನ ದೃಷ್ಟಿಯಲ್ಲಿ ಇದು ತಿರುಗುಮುರುಗಾದ ಆಯ್ಕೆ. ಮನೆಯ ಬದುಕಿನಲ್ಲಿ ಫಲಿತಾಂಶಗಳು ದಾಳದ ಮುಖಗಳಂತೆ ಸಮಾನವಾಗಿರುವುದಿಲ್ಲ. ಮಳೆ ಬರುವುದು, ಬಾರದಿರುವುದು ಎಂದು ಎರಡೇ ಫಲಿತಾಂಶಗಳಿವೆ ಎಂದ ಮಾತ್ರಕ್ಕೆ ಮಳೆಯ ಸಂಭವನೀಯತೆ ಅರ್ಧವಾಗದು. ಮನೆಗೆ ಬೇಕಾದದ್ದು ಎರಡನೆಯ ದಾರಿ.

ಆ ದಾರಿಗೆ ಬೇಕಾದ ದಾಖಲೆ ಪ್ರತಿ ಮನೆಯಲ್ಲೂ ಇದೆ. ಕೂಡಗಿಯಲ್ಲಿ 2400 ಮೆಗಾವಾಟ್ ಸಾಮರ್ಥ್ಯದ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರವನ್ನು ನೆರೆಯಲ್ಲಿಟ್ಟುಕೊಂಡ ಮಸೂತಿಯ ಮಕ್ಕಳಿಗೆ ಕರೆಂಟ್ ಬಿಲ್ಲಿಗಿಂತ ಹತ್ತಿರದ ಕಾಗದ ಇನ್ನೊಂದಿರಲಾರದು. ಹೆಸ್ಕಾಂ ಬಿಲ್ಲಿನ ಮೇಲೆ ತಿಂಗಳಿಗೆ ಎಷ್ಟು ಯೂನಿಟ್ ಬಳಕೆಯಾಯಿತು ಎಂಬುದು ಅಚ್ಚಾಗಿರುತ್ತದೆ. 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮನೆಯ ಉಚಿತ ಮಿತಿಯನ್ನು ಗೊತ್ತುಮಾಡಿದರು. ಮಿತಿ ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಹಣ ಕಟ್ಟಬೇಕು. ಒಂದು ಮನೆಯ ಬಳಕೆ ಜೂನ್‌ನಿಂದ ಮೇ ತನಕ 52, 46, 45, 44, 47, 43, 42, 43, 50, 58, 64, 66 ಯೂನಿಟ್ ಇದೆ ಎಂದು ಭಾವಿಸೋಣ. ಒಟ್ಟು 600, ಸರಾಸರಿ 50, ಮಿತಿ 55. ಇದೇ ಬಳಕೆ ಮುಂದಿನ ವರ್ಷವೂ ಮುಂದುವರಿದರೆ ಯಾವುದೋ ಒಂದು ತಿಂಗಳು ಹಣ ಕಟ್ಟಬೇಕಾಗುವ ಸಂಭವನೀಯತೆ ಎಷ್ಟು? ಹನ್ನೆರಡರಲ್ಲಿ ಮೂರು ತಿಂಗಳು ಮಿತಿ ದಾಟಿದೆ, ಉತ್ತರ 1/4. ಇಲ್ಲಿಗೆ ಪುಸ್ತಕದ ಲೆಕ್ಕ ಮುಗಿಯುತ್ತದೆ, ಮನೆಯ ಲೆಕ್ಕ ಶುರುವಾಗುತ್ತದೆ. ಆ ಮೂರೂ ತಿಂಗಳು ಮಾರ್ಚ್, ಏಪ್ರಿಲ್, ಮೇ. ಬೇಸಿಗೆಯೆಂದು ಗೊತ್ತಿದ್ದರೆ ಸಂಭವನೀಯತೆ 1; ಉಳಿದ ಕಾಲವೆಂದು ಗೊತ್ತಿದ್ದರೆ ಸೊನ್ನೆ. ನಾಲ್ಕರಲ್ಲೊಂದು ಎಂಬ ಉತ್ತರ ತಪ್ಪಲ್ಲ, ಆದರೆ ಮನೆ ನಡೆಸುವವರಿಗೆ ಅದರಿಂದ ಪ್ರಯೋಜನವಿಲ್ಲ. ಏನು ಗೊತ್ತಿದೆ ಎಂಬುದರ ಮೇಲೆ ಸಂಭವನೀಯತೆ ಬದಲಾಗುತ್ತದೆ ಎಂಬ ಆಳವಾದ ಮಾತು, ಪಿಯುಸಿಯಲ್ಲಿ ‘ಷರತ್ತುಬದ್ಧ ಸಂಭವನೀಯತೆ’ ಎಂಬ ಭಾರದ ಹೆಸರಿನಲ್ಲಿ ಬರುವ ಮಾತು, ಹದಿನೈದು ವರ್ಷದ ಹುಡುಗಿಗೆ ಫ್ಯಾನು ತಿರುಗುವ ತಿಂಗಳುಗಳನ್ನು ನೋಡಿದರೆ ಸಾಕು, ತಾನಾಗಿ ತಿಳಿಯುತ್ತದೆ.

ಹೊಲಕ್ಕೆ ಹೋದರೆ ಲೆಕ್ಕ ಇನ್ನಷ್ಟು ಗಂಭೀರವಾಗುತ್ತದೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಬಂದಿದೆ, ಏತ ನೀರಾವರಿಯ ಕಾಲುವೆಗಳು ಬಂದಿವೆ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದಲ್ಲಿ ತೊಗರಿ, ಕಡಲೆ, ಹಿಂಗಾರಿ ಜೋಳ ಬಿತ್ತುವ ಅನೇಕ ರೈತರು ಇಂದಿಗೂ ಮುಗಿಲಿನತ್ತಲೇ ನೋಡುತ್ತಾರೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲಿನ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5. ವಿಮಾ ಮೊತ್ತ 40,000 ರೂಪಾಯಿ ಇದ್ದರೆ ಹಿಂಗಾರಿ ಜೋಳಕ್ಕೆ ಕಟ್ಟಬೇಕಾದದ್ದು 600 ರೂಪಾಯಿ. ಕಟ್ಟಬೇಕೆ, ಬೇಡವೆ ಎಂದು ಮನೆಯಲ್ಲಿ ನಡೆಯುವ ಮಾತು ಶುದ್ಧ ಸಂಭವನೀಯತೆಯ ಮಾತು. ಆದರೆ ಇಲ್ಲಿ ಘಟನೆ ಯಾವುದು ಎಂಬುದನ್ನು ಮೊದಲು ಸರಿಯಾಗಿ ಹೇಳಬೇಕು. ಮುಖ್ಯ ಬೆಳೆಗಳಿಗೆ ಸಾಮಾನ್ಯವಾಗಿ ಪರಿಹಾರ ನಿರ್ಧಾರವಾಗುವುದು ಒಬ್ಬ ರೈತನ ಹೊಲದ ಇಳುವರಿಯ ಮೇಲಲ್ಲ; ಗ್ರಾಮ ಪಂಚಾಯಿತಿಯಂಥ ಒಂದು ಘಟಕದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಕಂಡುಕೊಂಡ ಸರಾಸರಿ ಇಳುವರಿಯು ಹಿಂದಿನ ವರ್ಷಗಳ ಆಧಾರದ ಮೇಲೆ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ ಮಾತ್ರ. ‘ನಮ್ಮ ಬೆಳೆ ಹೋಯಿತು’ ಒಂದು ಘಟನೆ, ‘ಪಂಚಾಯಿತಿಯ ಇಳುವರಿ ಕುಸಿಯಿತು’ ಇನ್ನೊಂದು ಘಟನೆ. ಒಂದು ಮನೆಯ ಹತ್ತು ವರ್ಷದ ನೆನಪಿನಲ್ಲಿ ಸ್ವಂತ ಬೆಳೆ ಕೈಕೊಟ್ಟದ್ದು ನಾಲ್ಕು ವರ್ಷ, ಪರಿಹಾರ ಬಂದದ್ದು ಮೂರು ವರ್ಷ, ಎರಡೂ ಒಟ್ಟಿಗೆ ಆದದ್ದು ಎರಡು ವರ್ಷ ಎಂದುಕೊಳ್ಳಿ. ಪರಿಹಾರ ಬರುವ ಸಂಭವನೀಯತೆ 3/10. ಆದರೆ ಬೆಳೆ ಹೋದ ವರ್ಷವೇ ಪರಿಹಾರ ಬರುವ ಸಂಭವನೀಯತೆ 2/4. ಅಂದರೆ ಬೆಳೆ ಹೋದ ವರ್ಷಗಳಲ್ಲಿ ಅರ್ಧದಷ್ಟು ಸಲ ವಿಮೆ ಕೈಹಿಡಿದಿದೆ, ಅರ್ಧದಷ್ಟು ಸಲ ಇಲ್ಲ. ‘ವಿಮೆ ಕಟ್ಟಿದ್ದೆವು, ಬೆಳೆ ಹೋಯಿತು, ದುಡ್ಡು ಬರಲಿಲ್ಲ, ಎಲ್ಲ ಮೋಸ’ ಎನ್ನುವ ಸಿಟ್ಟಿಗೂ ‘ಸರಕಾರ ಕೊಟ್ಟೇ ಕೊಡುತ್ತದೆ’ ಎನ್ನುವ ಕುರುಡು ನಂಬಿಕೆಗೂ ನಡುವೆ ಒಂದು ಸ್ಪಷ್ಟವಾದ ತಿಳಿವಳಿಕೆ ಇದೆ. ನಾಲ್ಕು ಚೌಕಗಳ ಒಂದು ಕೋಷ್ಟಕ ಹಾಕಲು ಬಂದರೆ ಮಗು ಅದನ್ನು ಮನೆಗೆ ಒಯ್ಯಬಲ್ಲದು. ಹಿರಿಯರ ನೆನಪಿನಲ್ಲಿ ಕೆಟ್ಟ ವರ್ಷಗಳೇ ಗಟ್ಟಿಯಾಗಿ ಉಳಿಯುವುದರಿಂದ ಪರಿಹಾರದ ವರ್ಷಗಳನ್ನು ಬ್ಯಾಂಕ್ ಪಾಸ್‌ಬುಕ್ಕಿನ ಜಮಾ ನೋಡಿ ತಾಳೆ ಹಾಕಬೇಕು ಎಂಬುದೂ ಅದೇ ಪಾಠದ ಭಾಗ.

ಇದೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ಎರಡು ಹೆಣ್ಣಾಗಿವೆ, ಮೂರನೆಯದು ಗಂಡೇ ಆಗುತ್ತದೆ ಎಂಬ ಭರವಸೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ದೇಹವನ್ನು ದಣಿಸಿದೆ. ನಾಣ್ಯಕ್ಕೆ ನೆನಪಿಲ್ಲ ಎಂದು ತರಗತಿಯಲ್ಲಿ ಹೇಳಿಕೊಟ್ಟಾಗ ಮಕ್ಕಳು ತಲೆಯಾಡಿಸುತ್ತಾರೆ; ಆದರೆ ಆ ಮಾತು ಹೆರಿಗೆ ಕೋಣೆಗೂ ಅನ್ವಯಿಸುತ್ತದೆ ಎಂದು ಹೇಳುವವರು ಯಾರು? ಹಿಂದೆ ಎಷ್ಟೇ ಹೆಣ್ಣುಮಕ್ಕಳು ಹುಟ್ಟಿರಲಿ, ಮುಂದಿನ ಮಗು ಗಂಡಾಗುವ ಸಂಭವನೀಯತೆ ಸರಿಸುಮಾರು ಅರ್ಧದಲ್ಲೇ ಇರುತ್ತದೆ. ಅದನ್ನು ತೀರ್ಮಾನಿಸುವುದು ತಂದೆಯಿಂದ ಬರುವ ವರ್ಣತಂತು. ತಾಯಿಯ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ. ಪ್ರತಿ ವಿದ್ಯಾರ್ಥಿಯೂ ಹೆಸರಿಲ್ಲದ ಚೀಟಿಯಲ್ಲಿ ತನ್ನ ಮನೆಯ ಅಥವಾ ತಾನು ಬಲ್ಲ ಒಂದು ಮನೆಯ ಮಕ್ಕಳನ್ನು ಹುಟ್ಟಿದ ಕ್ರಮದಲ್ಲಿ ‘ಹೆ, ಹೆ, ಗಂ’ ಎಂದು ಬರೆದು ಹಾಕಲಿ. ಮೊದಲಿಬ್ಬರು ಹೆಣ್ಣಾದ ಮನೆಗಳನ್ನು ಬೇರೆ ತೆಗೆದು ಮೂರನೆಯ ಮಗು ಏನಾಯಿತು ಎಂದು ಎಣಿಸಲಿ. ಹೆಣ್ಣೂ ಗಂಡೂ ಹೆಚ್ಚುಕಡಿಮೆ ಸಮನಾಗಿ ಬರುವುದನ್ನು ತಮ್ಮದೇ ಊರಿನ ಚೀಟಿಗಳಲ್ಲಿ ಕಂಡ ಮಗುವಿಗೆ ಆ ತಿಳಿವು ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ. ಒಂದು ವೇಳೆ ಹಲವು ಊರುಗಳ ಚೀಟಿ ಕೂಡಿಸಿದ ಮೇಲೂ ಗಂಡುಮಕ್ಕಳ ಸಂಖ್ಯೆ ತೀರ ಹೆಚ್ಚಾಗಿ ಬಂದರೆ ಅದರ ಹಿಂದೆ ಪ್ರಕೃತಿಯ ಹೊರತಾದ ಕಾರಣ ಇರಬಹುದು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿ 1994ರಲ್ಲಿ ಕಾಯ್ದೆ ಏಕೆ ಬಂತು ಎಂಬುದನ್ನು ವಿವರಿಸಲು ಶಿಕ್ಷಕರಿಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಪುಸ್ತಕದ 1500 ಕುಟುಂಬಗಳು ಈ ಸತ್ಯವನ್ನು ಮರೆಮಾಡಿದ್ದವು. ಊರಿನ ಚೀಟಿಗಳು ಅದನ್ನು ಕಣ್ಣೆದುರು ತರುತ್ತವೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಣಿತದ ಕಡೆಯಿಂದಲೇ. ನಲವತ್ತು ಮನೆಗಳ ಅಂಕಿ ಇಟ್ಟುಕೊಂಡು ಏನು ಹೇಳಲು ಸಾಧ್ಯ? ಅಷ್ಟು ಸಣ್ಣ ಮಾದರಿಯಿಂದ ಬಂದ ಅನುಪಾತ ದಾರಿ ತಪ್ಪಿಸುವುದಿಲ್ಲವೆ? ಆಕ್ಷೇಪ ಸರಿಯಾದದ್ದೇ, ಮತ್ತು ಅದೇ ಈ ಪಾಠದ ಅತ್ಯಂತ ಬೆಲೆಯುಳ್ಳ ಭಾಗ. ನಿಜವಾದ ಅನುಪಾತ ಅರ್ಧವಿದ್ದಾಗ ನಲವತ್ತು ಮನೆಗಳ ಎಣಿಕೆ ಸಾಮಾನ್ಯವಾಗಿ ಶೇ 8ರಷ್ಟು ಆಚೀಚೆ ಓಲಾಡುತ್ತದೆ. ನಾನೂರು ಮನೆಗಳಾದರೆ ಆ ಓಲಾಟ ಶೇ 2.5ಕ್ಕೆ ಇಳಿಯುತ್ತದೆ. ಹತ್ತು ಪಟ್ಟು ಶ್ರಮಕ್ಕೆ ಸುಮಾರು ಮೂರು ಪಟ್ಟು ನಿಖರತೆ. ಇದನ್ನು ಸೂತ್ರ ಹೇಳದೆಯೇ ತೋರಿಸಬಹುದು. ಮಸೂತಿಯ ಶಾಲೆಯ ಅಂಕಿಗೆ ಕೂಡಗಿ, ತೆಲಗಿ, ಗೊಳಸಂಗಿ, ಮುಳವಾಡದ ಶಾಲೆಗಳ ಅಂಕಿಯನ್ನು ಒಂದೊಂದಾಗಿ ಕೂಡಿಸುತ್ತಾ ಹೋದರೆ ಅನುಪಾತ ಮೊದಲು ಜೋರಾಗಿ ಅಲುಗಾಡಿ ಆಮೇಲೆ ನಿಲ್ಲುತ್ತಾ ಬರುವುದನ್ನು ಮಕ್ಕಳು ಕಾಣುತ್ತಾರೆ. ಬ್ಯೂಫಾನ್ ಮತ್ತು ಪಿಯರ್ಸನ್ ನಾಣ್ಯದಲ್ಲಿ ಕಂಡದ್ದು ಇದನ್ನೇ. ಆದರೆ ದೊಡ್ಡ ಮಾದರಿಯೂ ಗುಣಪಡಿಸಲಾಗದ ಒಂದು ದೋಷವಿದೆ. ಶಾಲೆಯಲ್ಲಿ ಮಕ್ಕಳನ್ನು ಕೇಳಿ ‘ಊರಿನ ಮನೆಗಳಲ್ಲಿ ಸರಾಸರಿ ಎಷ್ಟು ಮಕ್ಕಳು’ ಎಂದು ಲೆಕ್ಕ ಹಾಕಿದರೆ ಮಕ್ಕಳಿಲ್ಲದ ಮನೆ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಮೂರು ಮಕ್ಕಳು ಅದೇ ಶಾಲೆಗೆ ಬರುವ ಮನೆ ಮೂರು ಸಲ ಬರುತ್ತದೆ. ದುಡಿಯಲು ಪುಣೆಗೋ ಮುಂಬೈಗೋ ಹೋದ ಕುಟುಂಬದ ಮಗು ಅಂದು ತರಗತಿಯಲ್ಲಿರುವುದಿಲ್ಲ. ಯಾರನ್ನು ಕೇಳಿದೆವು, ಯಾರು ಬಿಟ್ಟುಹೋದರು ಎಂಬ ಪ್ರಶ್ನೆ ಹೀಗೆ ತಾನಾಗಿ ಏಳುತ್ತದೆ. ಚುನಾವಣಾ ಸಮೀಕ್ಷೆಯನ್ನೋ ಔಷಧದ ಜಾಹೀರಾತನ್ನೋ ನೋಡಿದಾಗ ನಾಗರಿಕರು ಕೇಳಬೇಕಾದ ಪ್ರಶ್ನೆಯೂ ಅದೇ. ಪುಸ್ತಕದಲ್ಲಿ ‘ಯಾದೃಚ್ಛಿಕವಾಗಿ ಆರಿಸಲಾಯಿತು’ ಎಂಬ ಎರಡು ಪದ ಬರೆದು ಈ ಪ್ರಶ್ನೆಯನ್ನು ಮುಚ್ಚಿಬಿಡುತ್ತಾರೆ.

ಎರಡನೆಯ ಆಕ್ಷೇಪ ಮನುಷ್ಯರ ಮಾನಕ್ಕೆ ಸಂಬಂಧಿಸಿದ್ದು, ಅದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮನೆಯ ಅಂಕಿ ಎಂದರೆ ಮನೆಯ ಒಳಗಿನ ವಿಷಯ. ಯಾರ ಮನೆಯಲ್ಲಿ ಬೈಕ್ ಇಲ್ಲ, ಯಾರ ಮನೆಯಲ್ಲಿ ಸಾಲವಿದೆ, ಯಾರ ಮನೆಯಲ್ಲಿ ಮಗು ತೀರಿಕೊಂಡಿದೆ ಎಂಬುದನ್ನು ತರಗತಿಯ ಹಲಗೆಯ ಮೇಲೆ ಬರೆಸುವ ಪಾಠ ಎಷ್ಟೇ ಒಳ್ಳೆಯ ಗಣಿತವಾದರೂ ಕೆಟ್ಟ ಪಾಠ. ಹೀಗಾಗಿ ಕೆಲವು ಗೆರೆಗಳನ್ನು ಮೊದಲೇ ಎಳೆಯಬೇಕು. ಆದಾಯ, ಜಾತಿ, ಸಾಲ, ವಾಹನ, ಕಾಯಿಲೆ, ಶೌಚಾಲಯ ಇವುಗಳನ್ನು ಕೇಳಲೇಬಾರದು. ಚೀಟಿಯ ಮೇಲೆ ಹೆಸರಿರಬಾರದು. ಮುಚ್ಚಿದ ಡಬ್ಬಿಯಲ್ಲಿ ಹಾಕಿ, ಕಲಸಿ, ಎಣಿಸಬೇಕು. ಬರೆಯಲು ಇಷ್ಟವಿಲ್ಲದವರು ಖಾಲಿ ಚೀಟಿ ಹಾಕಬಹುದು. ಖಾಲಿ ಚೀಟಿಗಳೂ ಒಂದು ಮಾಹಿತಿಯೇ ಎಂದು ಶಿಕ್ಷಕರು ಹೇಳಿಕೊಡಬಹುದು. ಬೆಳೆ ವಿಮೆಯ ಕೋಷ್ಟಕವನ್ನು ಮಗು ಮನೆಯಲ್ಲೇ ಹಾಕಲಿ. ತರಗತಿಗೆ ತರಬೇಕಾದದ್ದು ಲೆಕ್ಕದ ಕ್ರಮ ಮಾತ್ರ, ಅಂಕಿಯಲ್ಲ. ಇಷ್ಟೆಲ್ಲ ಬಿಟ್ಟ ಮೇಲೂ ಎಣಿಸಲು ಬೇಕಾದಷ್ಟು ಉಳಿಯುತ್ತದೆ. 14.2 ಕಿಲೋದ ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ನಲ್ಲಿಯಲ್ಲಿ ನೀರು ಬಂದ ದಿನಗಳೆಷ್ಟು, ಬೆಳಗಿನ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದು ಎಷ್ಟು ದಿನ, ಜೂನ್ ತಿಂಗಳಲ್ಲಿ ಮಳೆಯಾದ ದಿನಗಳೆಷ್ಟು, ಮಳೆಯಾದ ದಿನ ಕರೆಂಟ್ ಹೋದದ್ದು ಎಷ್ಟು ಸಲ, ಮಳೆಯಿಲ್ಲದ ದಿನ ಹೋದದ್ದು ಎಷ್ಟು ಸಲ. ಯಾರ ಮಾನಕ್ಕೂ ಧಕ್ಕೆ ತಾರದ ಈ ಅಂಕಿಗಳಲ್ಲಿ ಹತ್ತನೆಯ ತರಗತಿಯ ಅಧ್ಯಾಯದ ಎಲ್ಲ ಪರಿಕಲ್ಪನೆಗಳೂ ಅಡಗಿವೆ: ಖಚಿತ ಘಟನೆ, ಅಸಂಭವ ಘಟನೆ, ಪೂರಕ ಘಟನೆ, ಸಂಭವನೀಯತೆಗಳ ಮೊತ್ತ ಒಂದಾಗುವುದು. ಇನ್ನೊಬ್ಬರ ಮಾಹಿತಿಯನ್ನು ಎಷ್ಟು ಕೇಳಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಶಿಸ್ತನ್ನೂ ಮಕ್ಕಳು ಇದರ ಜೊತೆಯಲ್ಲೇ ಕಲಿಯುತ್ತಾರೆ. ಪ್ರತಿ ಆ್ಯಪ್‌ಗೂ ‘ಅನುಮತಿಸು’ ಒತ್ತಿಬಿಡುವ ಈ ಕಾಲದಲ್ಲಿ ಆ ಶಿಸ್ತು ಸಣ್ಣ ಸಂಗತಿಯಲ್ಲ.

ಮೂರನೆಯ ಆಕ್ಷೇಪ ಶಿಕ್ಷಕರದ್ದು: ಪರೀಕ್ಷೆ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಸಂಭವನೀಯತೆಗೆ ಸಿಗುವ ಪಾಲು ಚಿಕ್ಕದು. ಅಷ್ಟಕ್ಕಾಗಿ ಚೀಟಿ, ಡಬ್ಬಿ, ಕೋಷ್ಟಕ ಎಂದು ಅವಧಿಗಳನ್ನು ಕಳೆದರೆ ತ್ರಿಕೋನಮಿತಿ, ವರ್ಗಸಮೀಕರಣ ಮುಗಿಸುವುದು ಯಾವಾಗ? ಫಲಿತಾಂಶ ಇಳಿದರೆ ನೋಟಿಸು ಬರುವುದು ಶಿಕ್ಷಕರಿಗೇ ಹೊರತು ಅಂಕಣ ಬರೆಯುವವರಿಗಲ್ಲ. ಈ ಮಾತಿನಲ್ಲಿ ನ್ಯಾಯವಿದೆ. ಅದಕ್ಕೇ ನಾನು ಹೊಸ ಅವಧಿಗಳನ್ನು ಕೇಳುತ್ತಿಲ್ಲ. ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗಾದರೆ 20 ಅಂಕ ಆಂತರಿಕ ಮೌಲ್ಯಮಾಪನಕ್ಕಿದೆ. ಅದಕ್ಕಾಗಿ ಮಕ್ಕಳು ಹೇಗೂ ಚಟುವಟಿಕೆಗಳನ್ನು ಮಾಡಬೇಕು. ಎಷ್ಟೋ ಕಡೆ ಅದು ಬಣ್ಣದ ಹಾಳೆಯ ಮೇಲೆ ಸೂತ್ರಗಳನ್ನು ಅಂದವಾಗಿ ನಕಲು ಮಾಡುವುದಕ್ಕೆ ಸೀಮಿತವಾಗಿದೆ. ಆ ಜಾಗದಲ್ಲಿ ಮೂವತ್ತು ದಿನ ಒಂದು ಸಂಗತಿಯನ್ನು ದಿನವೂ ಬರೆದಿಟ್ಟು, ಕೊನೆಗೆ ಒಂದು ಪುಟದಲ್ಲಿ ಅನುಪಾತ ಮತ್ತು ಅದರ ಮಿತಿಯನ್ನು ವಿವರಿಸುವ ಕೆಲಸ ಕೊಟ್ಟರೆ ಸಾಕು. ಬರೆದಿಡುವ ಕೆಲಸ ಮನೆಯಲ್ಲಿ ನಡೆಯುತ್ತದೆ; ತರಗತಿಗೆ ಬೇಕಾದದ್ದು ಎರಡು ಅವಧಿ. ಅಂಕಿಯ ಅರ್ಥ ತಿಳಿದ ಮಗು ಪುಸ್ತಕದ ಲೆಕ್ಕವನ್ನು ನಿಧಾನವಾಗಿ ಮಾಡುವುದಿಲ್ಲ. ಇನ್ನು ನಾಣ್ಯ–ದಾಳದ ಲೆಕ್ಕಗಳೇ ಶುದ್ಧವಾದವು, ಬುನಾದಿಗೆ ಅವೇ ಬೇಕು ಎನ್ನುವವರಿಗೂ ನನ್ನ ತಕರಾರಿಲ್ಲ. ಆ ಶುದ್ಧತೆ ಅಗತ್ಯ. ಆದರೆ ಅದು ಮೊದಲ ಮೆಟ್ಟಿಲಾದರೆ ಮಗುವಿಗೆ ಸಂಭವನೀಯತೆ ಎಂದರೆ ಆಟದ ವಿಷಯ ಎಂಬ ಭಾವನೆ ಕೂರುತ್ತದೆ. ಮನೆಯ ಅಂಕಿಯಲ್ಲಿ ಅನುಪಾತ ಅಲುಗಾಡುವುದನ್ನು ಕಂಡ ಮೇಲೆ ದಾಳದ ಮುಂದೆ ಬಂದರೆ, ದಾಖಲೆಯಿಲ್ಲದೆಯೇ ಉತ್ತರ ಹೇಳಲು ಬರುವ ಈ ಅಪರೂಪದ ಸಂದರ್ಭ ಎಷ್ಟು ಅನುಕೂಲಕರ ಎಂಬುದು ಅರ್ಥವಾಗುತ್ತದೆ. ದಾಳದಲ್ಲಿ ಕಲಿತ ಸಮಾನ ಫಲಿತಾಂಶಗಳ ಎಣಿಕೆ ಬೇರೊಂದು ಕೆಲಸಕ್ಕೂ ಬರುತ್ತದೆ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗಿನ ನೂರು ಜೋಡಿಗಳಲ್ಲಿ ಒಂದರ ಮೇಲೆ ಕಟ್ಟಿದ ರೂಪಾಯಿಗೆ 80 ರೂಪಾಯಿ ಕೊಡುವ ಮಟ್ಕಾ ಆಟದಲ್ಲಿ ಕಟ್ಟಿದ ಪ್ರತಿ ನೂರು ರೂಪಾಯಿಗೆ ಸರಾಸರಿ 20 ರೂಪಾಯಿ ಹೋಗುತ್ತದೆ ಎಂಬ ಒಂದು ಸಾಲಿನ ಲೆಕ್ಕ ಎಷ್ಟೋ ಮನೆಗಳ ಕಾಳುಕಡಿಯನ್ನು ಉಳಿಸಬಲ್ಲದು.

ಗ್ರಾಮದ ಶಾಲೆಗೆ ಇಷ್ಟು ಭಾರ ಹೊರಿಸುವುದೇಕೆ ಎಂದು ಕೊನೆಯದಾಗಿ ಕೇಳಬಹುದು. ಉತ್ತರ ನಮ್ಮ ದೇಶದ ಸಂಖ್ಯಾಶಾಸ್ತ್ರದ ಚರಿತ್ರೆಯಲ್ಲೇ ಇದೆ. ಪ್ರಶಾಂತಚಂದ್ರ ಮಹಾಲನೋಬಿಸ್ 1931ರಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಮತ್ತು 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಕೆಲವೇ ಮನೆಗಳನ್ನು ಸರಿಯಾಗಿ ಆರಿಸಿ ಇಡೀ ದೇಶದ ಬಗ್ಗೆ ಹೇಳಬಹುದೆಂದು ತೋರಿಸಿದವು. ಅದೇ ಸಂಸ್ಥೆಯಲ್ಲಿ ಬೆಳೆದು 1945ರ ಒಂದು ಪ್ರಬಂಧದಿಂದ ಜಗತ್ತಿನ ಅಂದಾಜುಶಾಸ್ತ್ರದ ದಿಕ್ಕನ್ನೇ ಪ್ರಭಾವಿಸಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಅಂಕಿಯಿಂದ ಅಜ್ಞಾತವನ್ನು ಅಂದಾಜಿಸುವಾಗ ನಮ್ಮ ನಿಖರತೆಗೆ ಒಂದು ಮಿತಿಯಿದೆ ಎಂದು ಆ ಪ್ರಬಂಧ ಸಾಧಿಸಿತು; ನಲವತ್ತು ಚೀಟಿಗಳ ಮುಂದೆ ಕುಳಿತ ಮಗು ಎದುರಿಸುವ ಪ್ರಶ್ನೆಯ ಪ್ರೌಢ ರೂಪ ಅದು. 2025ರಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ವಿದ್ಯುತ್ ಮೀಟರ್‌ಗಳ ಆಧಾರದಲ್ಲಿ ಮನೆಗಳನ್ನು ಗುರುತಿಸಿ, 60 ಪ್ರಶ್ನೆ ಹಿಡಿದು ಮನೆಮನೆಗೆ ಹೋದವರು ನಮ್ಮ ಶಾಲಾ ಶಿಕ್ಷಕರೇ. ಯಾವ ಪ್ರಶ್ನೆಗೆ ಜನ ಹಿಂಜರಿಯುತ್ತಾರೆ, ಬೀಗ ಹಾಕಿದ ಮನೆಯನ್ನು ಏನು ಮಾಡಬೇಕು, ಒಂದೇ ಮೀಟರಿನ ಹಿಂದೆ ಎರಡು ಒಲೆಗಳಿದ್ದರೆ ಹೇಗೆ ಎಣಿಸಬೇಕು ಎಂಬುದನ್ನು ಅವರು ಬಲ್ಲರು. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ಅನುಭವವನ್ನು ತರಗತಿಗೆ ತರಲು ಅವರಿಗೆ ಅವಕಾಶ ಕೊಡದಿರುವುದು ನಷ್ಟವೇ ಸರಿ.

ಆದ್ದರಿಂದ ಮೂವರಲ್ಲಿ ನನ್ನ ಕೋರಿಕೆಯಿದೆ. ಕರ್ನಾಟಕ ಪಠ್ಯಪುಸ್ತಕ ಸಂಘವು ಸಂಭವನೀಯತೆಯ ಅಧ್ಯಾಯದಲ್ಲಿ ಅನಾಮಧೇಯ ‘ಸಂಸ್ಥೆಯೊಂದು ಸಮೀಕ್ಷೆ ನಡೆಸಿತು’ ಎಂಬಂಥ ಅಂಕಿಗಳ ಬದಲು ಜನಗಣತಿಯಂಥ ನಿಜವಾದ ಮೂಲದ ಅಂಕಿಗಳನ್ನು ಮೂಲದ ಹೆಸರಿನೊಂದಿಗೆ ಕೊಡಲಿ. ಪ್ರತಿ ಕೋಷ್ಟಕದ ಕೆಳಗೆ ‘ಇದನ್ನು ನಂಬಬಹುದೆ, ಏಕೆ’ ಎಂಬ ಒಂದು ಪ್ರಶ್ನೆ ಸೇರಿಸಲಿ. ವಿಜಯಪುರದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಏನು ಕೇಳಬಹುದು, ಏನು ಕೇಳಬಾರದು ಎಂಬ ಒಂದು ಪುಟದ ಸೂಚನೆಯನ್ನು ಸಿದ್ಧಪಡಿಸಿ, ಹತ್ತಿರದ ಶಾಲೆಗಳು ತಮ್ಮ ಒಟ್ಟು ಅಂಕಿಗಳನ್ನು ಹಂಚಿಕೊಳ್ಳುವ ಏರ್ಪಾಟು ಮಾಡಲಿ. ಇನ್ನು ತಂದೆತಾಯಂದಿರು ಮಗ ಅಥವಾ ಮಗಳು ಹಳೆಯ ಕರೆಂಟ್ ಬಿಲ್ಲು ಕೇಳಿದರೆ ಅದು ಗಣಿತದ ಮನೆಗೆಲಸವೆಂದು ತಿಳಿದು ಹುಡುಕಿ ಕೊಡಲಿ. ಈ ಮೂರಕ್ಕೂ ಹೊಸ ಅನುದಾನ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಮುಂದಿನ ಶೈಕ್ಷಣಿಕ ವರ್ಷದ ಆಂತರಿಕ ಮೌಲ್ಯಮಾಪನದಲ್ಲಿಯೇ ಇದನ್ನು ಆರಂಭಿಸಬಹುದು, ಆರಂಭಿಸಬೇಕು.